ಕೊಬ್ಬರಿ ಒಡೆಯುವ ಕೈ

ಟಿವಿ ಪರದೆಯ ಮೇಲೆ ಎರಡು ಕೈಗಳು ಮೂಡಿದ್ದೇ ತಡ, ದೊಡ್ಡಗಂಗಮ್ಮನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಪಕ್ಕದಲ್ಲಿ ಕೂತಿದ್ದ ಗಂಡ ವೆಂಕಟರಂಗಯ್ಯನನ್ನು ಓರೆಗಣ್ಣಿನಲ್ಲಿ ನೋಡಿದಳು. ಆತ ಕನ್ನಡಕ ಮೂಗಿಗೇರಿಸಿಕೊಂಡು, ಬಾಯಿ ಅರ್ಧ ತೆರೆದು, ಸಾಕ್ಷ್ಯಚಿತ್ರದಲ್ಲಿ ಮುಳುಗಿಹೋಗಿದ್ದ. ಆ ಕೈಗಳು ತನ್ನವೆಂದು ದೊಡ್ಡಗಂಗಮ್ಮ ಸೊಸೆ ಪ್ರಮೀಳಾಗೆ ಬಿಟ್ಟು ಮತ್ಯಾರಿಗೂ ಹೇಳಿರಲಿಲ್ಲ.

ವೆಂಕಟರಂಗಯ್ಯ ಅಂದರೆ ಸುಮ್ಮನೆ ಅಲ್ಲ. ಗುಬ್ಬಿಯ ಟಾಕೀಸೊಂದರಲ್ಲಿ ಗೇಟ್ ಕಾದು ನಿವೃತ್ತನಾದವನು. ಟಿಕೆಟ್ ಹರಿಯುವ ಗಡಿಬಿಡಿಯಲ್ಲಿ ಯಾವ ಸಿನಿಮಾದ ಆರಂಭವನ್ನೂ ಕಂಡವನಲ್ಲ, ಕಥೆಯೆಲ್ಲ ನಡುವಿನಿಂದಲೇ ಗೊತ್ತು. ಮನೆಯ ಟಿವಿಗೆ ಇಂಟರ್ನೆಟ್ ಬಂದ ಮೇಲೆ ಆ ಹಸಿವನ್ನೆಲ್ಲ ತೀರಿಸಿಕೊಳ್ಳುತ್ತಿದ್ದಾನೆ. ವೆಬ್ ಸೀರೀಸು, ಸಾಕ್ಷ್ಯಚಿತ್ರ, ಮಲಯಾಳಂ, ಕೊರಿಯಾ, ಒಂದನ್ನೂ ಬಿಡುವುದಿಲ್ಲ. ಬೆಳಿಗ್ಗೆ ರವೀಶನ ಟೀ ಅಂಗಡಿಯಲ್ಲಿ ಅವನ ತೀರ್ಪು ಹೊರಬಿದ್ದ ಮೇಲೇ ಬಸ್ ಸ್ಟ್ಯಾಂಡಿನ ಮಂದಿ ಏನು ನೋಡಬೇಕೆಂದು ನಿರ್ಧರಿಸುವುದು. ಪರದೆ ಮೇಲಿನವರನ್ನು ಹೊಗಳಲು ಅವನಿಗೆ ಒಂದು ಬಾಯಿ ಸಾಲದು. ಹೆಂಡತಿಯ ವಿಷಯಕ್ಕೆ ಬಂದರೆ ಮಾತ್ರ ಬಾಯಿಗೆ ಬೀಗ. ಸಾರು ಎಷ್ಟೇ ಘಮಘಮಿಸಲಿ, "ಉಪ್ಪು ಸರಿಯಾಗೈತೆ" ಅನ್ನುವುದೇ ಆ ಮಹಾರಾಯನಿಂದ ಅವಳಿಗೆ ಸಿಕ್ಕ ಅತಿ ದೊಡ್ಡ ಬಿರುದು.

ಗುಬ್ಬಿ ಪಕ್ಕದ ಕಡಬದ ತೋಟವೊಂದರಲ್ಲಿ ಅವಳು ಕೂಲಿಗೆ ಕೊಬ್ಬರಿ ಒಡೆಯುತ್ತಿದ್ದಾಗ ಸಿನಿಮಾದವರು ಬಂದು ಕ್ಯಾಮೆರಾ ಇಟ್ಟಿದ್ದರು. "ಕೈ ಬೇಕಾದ್ರೆ ತೆಕ್ಕಳಿ, ಮುಖ ಬ್ಯಾಡ" ಎಂದು ಖಡಾಖಂಡಿತವಾಗಿ ಹೇಳಿದ್ದಳು. ಮುಖ ಕಂಡರೆ ಗಂಡ ಟೀ ಅಂಗಡಿಯಲ್ಲಿ ಏನಂದುಬಿಡುತ್ತಾನೋ ಎಂಬ ಭಯ. ಮೈಕಿಗೆ ಸದ್ದಾಗುತ್ತದೆ, ಬಳೆ ಬಿಚ್ಚಿ ಎಂದರು. ಮುತ್ತೈದೆ, ಬಿಚ್ಚುವುದುಂಟೇ? ಕೊನೆಗೆ ಬಳೆಗಳನ್ನು ಆದಷ್ಟು ಮೇಲಕ್ಕೆ ಸರಿಸಿ ಬಟ್ಟೆ ಸುತ್ತಿದರು. ಮುಖ ಬಚ್ಚಿಟ್ಟುಕೊಂಡರೂ, ಕೈಯ ಕೆಲಸಕ್ಕಾದರೂ ಈ ಮನುಷ್ಯನ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಲಿ ಎಂಬುದು ಅವಳ ಆಸೆ. ಚೆನ್ನಾಗಿಲ್ಲ ಅಂದುಬಿಟ್ಟರೆ ನಾಳೆ ಮಚ್ಚು ಹಿಡಿಯಲು ಮನಸ್ಸೇ ಬರುವುದಿಲ್ಲ.

ಪರದೆಯಲ್ಲಿ ಕೈಗಳು ಒಂದು ಕಾಯಿ ಎತ್ತಿ ಅಲ್ಲಾಡಿಸಿದವು. ಒಳಗೆ ಒಣಗಿದ ಕೊಬ್ಬರಿ ಲೊಡಲೊಡ ಎಂದಿತು. ಮಚ್ಚಿನ ಬೆನ್ನಿನಿಂದ ಸುತ್ತಲೂ ಟಕಟಕ ತಟ್ಟಿ, ತಿರುಗಿಸಿ, ಚಿಪ್ಪು ಬಿಡಿಸಿದಾಗ ಉಂಡೆ ಕೊಬ್ಬರಿ ಇಡಿಯಾಗಿ ಅಂಗೈಗೆ ಬಂತು. ಅದರ ಮೇಲೆ ಒಂದು ಗೀರಿಲ್ಲ.

"ಅಬ್ಬಬ್ಬಾ!" ವೆಂಕಟರಂಗಯ್ಯ ತೊಡೆ ತಟ್ಟಿದ. "ಪ್ರಮೀಳಾ, ಈಯಮ್ಮನ ಕೈ ನೋಡಮ್ಮ! ಯಾವ ಹೀರೋಯಿನ್ ಕೈಲೂ ಹಿಂಗೆ ಆ್ಯಕ್ಟ್ ಮಾಡಕ್ಕಾಗಲ್ಲ. ಡೈರೆಕ್ಟ್ರೂ ಬುದ್ಧಿವಂತ, ಮ್ಯೂಸಿಕ್ಕೇ ಹಾಕಿಲ್ಲ. ಬರೀ ಮಚ್ಚಿನ್ ಸದ್ದು!"

ಪ್ರಮೀಳಾ ನಗು ನುಂಗಿಕೊಂಡು, "ಯಾರಿರ್ಬೌದು ಮಾವ?" ಎಂದಳು.

"ಯಾರೋ ಹಾಗಲವಾಡಿ ಕಡೆಯೋರಿರ್ಬೇಕು."

ದೊಡ್ಡಗಂಗಮ್ಮ ಸರಕ್ಕನೆ ಎದ್ದು ಒಳಗೆ ಹೋದಳು. ಹೊಗಳಿದ್ದಕ್ಕೆ ಹಿಗ್ಗಬೇಕೋ, ಇಷ್ಟು ವರ್ಷ ಅನ್ನ ಬಡಿಸಿದ ಕೈಯ ಗುರುತೇ ಸಿಗಲಿಲ್ಲವಲ್ಲ ಎಂದು ಅಳಬೇಕೋ ತಿಳಿಯಲಿಲ್ಲ. ಹಿಂದೆಯೇ ಬಂದ ಪ್ರಮೀಳಾ ಪಿಸುಗುಟ್ಟಿದಳು: "ಹೇಳ್ಬಿಡ್ಲಾ ಅತ್ತೆ?"

"ಬ್ಯಾಡ, ಸುಮ್ಕಿರು. ನಾನೇ ಅಂತ ಹೇಳಿ ಹೊಗಳಿಸ್ಕಳೋ ಗತಿ ನಂಗ್ ಬಂದಿಲ್ಲ."

ಮರುದಿನ ಬೆಳಿಗ್ಗೆ ಕಡಬದ ಬಸ್ಸಿಗೆಂದು ಹೊರಟವಳು ರವೀಶನ ಅಂಗಡಿಯ ಪಕ್ಕ ಬರುವಷ್ಟರಲ್ಲಿ ಗಂಡನ ದನಿ ಕೇಳಿಸಿತು. ಆತ ರಸ್ತೆಗೆ ಬೆನ್ನು ಹಾಕಿ, ಕೈಯಲ್ಲಿ ಟೀ ಲೋಟ ಹಿಡಿದು, ನಾಲ್ಕಾರು ಜನರ ಮುಂದೆ ದರ್ಬಾರು ನಡೆಸಿದ್ದ. ಅವಳು ಗೋಡೆಯ ಮರೆಗೆ ನಿಂತಳು.

"ನಲವತ್ತು ನಿಮಿಷ ಕಣ್ರಯ್ಯಾ, ನಾನು ಅತ್ಲಾಗೆ ಇತ್ಲಾಗೆ ಅಲ್ಲಾಡ್ಲಿಲ್ಲ. ಈ ವರ್ಷ ನೋಡಿದ್ರಲ್ಲೆಲ್ಲ ಇದೇ ಫಸ್ಟು."

"ನಾನೂ ನೋಡ್ದೆ ರಂಗಣ್ಣ," ರವೀಶ ಟೀ ಸೋಸುತ್ತಾ ಹೇಳಿದ. "ಕೊಬ್ಬರಿ ಒಡಿಯೋದ್ರಲ್ಲಿ ಅಂಥಾದ್ದೇನೈತೆ?"

"ಲೇ, ಒಡಿಯೋದಲ್ಲ ಕಣ್ಲಾ. ಒಡೆದ್ ಮೇಲೆ ನೋಡ್ಬೇಕು. ಆಯಮ್ಮ ಉಂಡೆನ ಹಂಗೇ ಬುಟ್ಟಿಗೆ ಎಸಿಯಲ್ಲ. ಸೆರಗು ತಗಂಡು ಸುತ್ತ ಒಂದ್ಸಲ ಒರೆಸ್ತಾಳೆ, ಮಗೀನ ಮುಖ ಒರೆಸ್ದಂಗೆ. ಆಮೇಲೇ ಬುಟ್ಟಿಗೆ ಇಡೋದು."

ದೊಡ್ಡಗಂಗಮ್ಮ ನಿಂತಲ್ಲೇ ಕಂಬವಾದಳು. ಮನೆಯ ಅಂಗಳದಲ್ಲಿ ಒಡೆಯುವಾಗ ಹಾಗೆ ಒರೆಸುವುದು ಅವಳ ಅಭ್ಯಾಸ, ನಿಜ. ಆದರೆ ಅಡ್ಡ ಬರುತ್ತದೆಂದು ಸಿನಿಮಾದವರು ಅವಳ ಸೆರಗನ್ನು ಹಿಂದಕ್ಕೆ ಸಿಕ್ಕಿಸಿಬಿಟ್ಟಿದ್ದರು. ಅಂದು ಅವಳು ಒಂದೇ ಒಂದು ಕೊಬ್ಬರಿಯನ್ನೂ ಒರೆಸಿರಲಿಲ್ಲ. ಬಸ್ಸಿನ ಹಾರನ್ನು ಎರಡು ಸಲ ಕೂಗಿದರೂ ಅವಳು ಅಲ್ಲಾಡಲಿಲ್ಲ.

ರವೀಶನೂ ಬಿಡುವವನಲ್ಲ. "ಸೆರಗಲ್ಲಿ ಒರೆಸೋ ಸೀನು ಅದ್ರಲ್ಲಿ ಎಲ್ಲೂ ಇಲ್ವಲ್ಲಣ್ಣ? ನಾನು ಮೊದಲಿಂದ ಕೊನೇಗಂಟ ನೋಡಿದೀನಿ."

ವೆಂಕಟರಂಗಯ್ಯ ಲೋಟ ಕೆಳಗಿಟ್ಟ.

"ನಿಂಗೆಲ್ಲಿ ಕಾಣ್ಬೇಕು ಬುಡು. ಅದನ್ನ ನಲವತ್ತೆರಡು ವರ್ಷದಿಂದ ನಾನೊಬ್ನೇ ನೋಡ್ತಿರೋದು."