ಬಾಗಿಲ ಪಕ್ಕದ ಹಾಸಿಗೆ

ತೀರಿಕೊಂಡವರ ಫೋನಿನ ಮಾತುಗಳನ್ನು ಪರೀಕ್ಷಾ ಮಂಡಳಿಗೆ ಒಪ್ಪಿಸುವ ಪದ್ಧತಿ ಬಂದು ಇಪ್ಪತ್ತು ವರ್ಷವಾಗಿತ್ತು. ಪಿಯುಸಿ ಕನ್ನಡ ಪತ್ರಿಕೆಯ ಗದ್ಯಭಾಗಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಹೆಸರು ತೆಗೆದಿರುತ್ತಿದ್ದರು, ಮಾದರಿ ಉತ್ತರವನ್ನು ಮಾತ್ರ ಮನೆಯವರೇ ಬರೆದುಕೊಡಬೇಕಿತ್ತು.

ವಿಮಲಾಕ್ಷಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಮಗಳು ಹಂಸಿನಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಟ್ಟಿಯಾಗಿ ಓದಿದಳು.

“‘ನೀವ್ಯಾರೂ ಆಸ್ಪತ್ರೆಗೆ ಬರೋದು ಬೇಡ, ಆರಾಮಾಗಿದೀನಿ. ಐದರಿಂದ ಆರು ಗಂಟೆವರೆಗೆ ಒಳಗೆ ಬಿಡ್ತಾರೆ. ನನ್ನದು ಬಾಗಿಲ ಪಕ್ಕದ ಹಾಸಿಗೆ.’ ಇದು ವಾಚ್ಯವೋ, ಒಳಗೆ ಬೇರೆ ಅರ್ಥ ಹೊಳೆಯುವ ಧ್ವನಿಯೋ? ಎರಡು ಅಂಕ.”

ವಿಮಲಾಕ್ಷಿಯ ಕೈ ನಿಂತಿತು. ಅದು ಅವಳ ಅಮ್ಮನ ಮಾತು. ಅಮ್ಮ ತೀರಿಕೊಂಡಾಗ ಹಂಸಿನಿಗೆ ಆರು ವರ್ಷ.

“ಧ್ವನಿ ಅಮ್ಮಾ. ಬೇಡ ಅಂತಾನೇ ಹೊತ್ತು, ಜಾಗ ಎಲ್ಲಾ ಹೇಳ್ತಿದಾರೆ. ಬನ್ನಿ ಅಂತ ತಾನೇ? ಮಾದರಿ ಉತ್ತರದಲ್ಲಿ ವಾಚ್ಯ ಅಂತಿದೆ. ‘ಹೇಳಿದ್ದಷ್ಟೇ ಅರ್ಥ, ಬೇರೇನೂ ಇಲ್ಲ.’ ಯಾರು ಬರೆದ್ರೋ.”

ಬರೆದುಕೊಟ್ಟವಳು ವಿಮಲಾಕ್ಷಿಯೇ. ಅಮ್ಮ ಬೇಡ ಅಂದಿದ್ದರಿಂದ ಆ ಕೊನೆಯ ವಾರ ಯಾರೂ ಆಸ್ಪತ್ರೆಗೆ ಹೋಗಿರಲಿಲ್ಲ.

“ಪರೀಕ್ಷೇಲಿ ವಾಚ್ಯ ಅಂತಲೇ ಬರಿ, ಅಂಕ ಕೊಡೋದು ಅದಕ್ಕೇ,” ಎಂದು ಅವಳು ಸೊಪ್ಪಿನ ಕಡ್ಡಿಗಳನ್ನು ಒಂದೆಡೆ ಗುಡ್ಡೆ ಮಾಡಿದಳು. ಆಮೇಲೆ, “ನೀನು ಹೇಳಿದ್ದು ಸರಿ,” ಎಂದಳು.