ಟಾಕಿ ಮುಂದೊಂದು ಫೋಟೊ

ಬೆಟಗೇರಿಯ ಬಣ್ಣಗಾರ ಓಣಿಯಲ್ಲಿ ನೀರಿನ ಟಾಕಿ ಕಟ್ಟಿ ಮುಗಿಸಲಾಗಿದೆ ಎಂದು ಗುತ್ತಿಗೆದಾರ ಕನಕರಾಜ ಹೋದ ವರ್ಷ ನಗರಸಭೆಗೆ ಬರೆದುಕೊಟ್ಟ. ಟಾಕಿ ಕಟ್ಟಿರಲಿಲ್ಲ. ಜೊತೆಗೆ ಲಗತ್ತಿಸಿದ ಫೋಟೊ ಶಿರಹಟ್ಟಿ ಕಡೆಯ ಯಾವುದೋ ಟಾಕಿಯದು. ಟಾಕಿಗಳೆಲ್ಲ ಒಂದೇ ಥರ ಇರುತ್ತವೆ. ಯಾರೂ ಕೇಳಲಿಲ್ಲ.

ಈಗ ಶೈಲಾ ಕೇಳುತ್ತಿದ್ದಳು.

"ಟಾಕಿ ಯಾವಾಗ ತೋರಸ್ತೀರಿ?"

ಕನಕರಾಜ ಕಾರಿನ ಕನ್ನಡಿಯಲ್ಲಿ ತಲೆ ಬಾಚಿಕೊಂಡ. "ತೋರಸೂಣಂತ. ಮೊದಲು ಗುಡಿ."

ಶೈಲಾ ಕನಕರಾಜನಿಗೆ ನಿಶ್ಚಯವಾದ ಹುಡುಗಿ, ಮುಂಡರಗಿಯ ಕಾಳಿನ ವ್ಯಾಪಾರಿ ಪುಂಡಲೀಕಪ್ಪನ ಮಗಳು. ನಿಶ್ಚಯದ ದಿನ ಆತ ಹಿರಿಯರೆದುರು ಎದೆಯುಬ್ಬಿಸಿ ಹೇಳಿದ್ದ: "ನಮ್ಮ ಅಳ್ಯಾ ಬಾಯಾರಿದ ಓಣಿಗೆ ನೀರು ಕೊಟ್ಟಾನ." ಆ ಮಾತಿಗೇ ಶೈಲಾ ಹೂಂ ಅಂದದ್ದು. ಲಗ್ನಪತ್ರಿಕೆಯ ಮೇಲೆ ಗುಲಾಬಿ ಬೇಡ, ಜೋಡಿ ಹಂಸ ಬೇಡ, ಆ ಟಾಕಿಯ ಮುಂದೆ ಇಬ್ಬರೂ ನಿಂತ ಫೋಟೊ ಬೇಕು ಎಂದಳು. ನಾಳೆ ಪತ್ರಿಕೆ ಅಚ್ಚಿಗೆ ಹೋಗಬೇಕು. "ಆ ಫೋಟೊ ಇಲ್ಲಂದ್ರ ಪತ್ರಿಕಿನೂ ಬ್ಯಾಡ, ಲಗ್ನಾನೂ ಬ್ಯಾಡ," ಎಂದು ನಗುತ್ತಲೇ ಅಂದಿದ್ದಳು. ನಗುತ್ತ ಅಂದವರು ಮಾತು ಬದಲಿಸುತ್ತಾರೆಂದು ಕನಕರಾಜ ನಂಬಿದ್ದ.

ಫೋಟೊ ತೆಗೆಯುವವಳು ನೂರೀನ. ಗದಗಿನಲ್ಲಿ ಎಲ್ಲಿ ನಿಂತರೆ ಫೋಟೊ ಚೆಂದ ಬರುತ್ತದೆ ಎಂದು ಮೊಬೈಲಿನಲ್ಲಿ ತೋರಿಸಿ ಹೆಸರಾದವಳು. ತ್ರಿಕೂಟೇಶ್ವರ ಗುಡಿಯ ಕಂಬದ ಮರೆಗೆ ಕನಕರಾಜ ಅವಳನ್ನು ಕರೆದ.

"ತಂಗಿ, ಹೊತ್ತು ಮುಣುಗೂತನಕ ಎಲ್ಲೆಲ್ಲೆರ ಅಡ್ಡಾಡಸು. ಟಾಕಿ ಅಂದ್ರ ಬೆಳಕ ಸಾಲೂದಿಲ್ಲ ಅನ್ನು."

ನೂರೀನ ಕಾರಣ ಕೇಳಲಿಲ್ಲ. "ಆತ್ರಿ ಅಣ್ಣಾರ. ನನಗ ಗೊತ್ತಿರೂ ಜಾಗ ಭಾಳ ಅದಾವು."

ಕಾರಣ ಕೇಳದ ಹುಡುಗಿಯರು ಕನಕರಾಜನಿಗೆ ಇಷ್ಟ.

ಗುಡಿಯಲ್ಲಿ ಕಂಬಗಳ ನಡುವೆ ಬಿಸಿಲು ಕೋಲಿನಂತೆ ಬಿದ್ದಿತ್ತು. ನೂರೀನ ಇಬ್ಬರನ್ನೂ ಅಲ್ಲಿ ನಿಲ್ಲಿಸಿದಳು. ಭೀಷ್ಮಕೆರೆಯ ದಂಡೆಯಲ್ಲಿ ಕೂರಿಸಿದಳು. ಕುರ್ತಕೋಟಿ ರಸ್ತೆಯ ಸೂರ್ಯಕಾಂತಿ ಹೊಲದಲ್ಲಿ ನಡೆಸಿದಳು. ಪ್ರತಿ ಜಾಗಕ್ಕೂ "ಇದು ನನಗ ಎಲ್ಲಾಕಿಂತ ಸೇರೂ ಜಾಗರಿ" ಎಂದಳು. ಪ್ರತಿ ಜಾಗದಲ್ಲೂ ಫೋಟೊ ಮುಗಿದ ಮೇಲೆ ನಲ್ಲಿ ಹುಡುಕಿ, ಸ್ಕೂಟರಿನ ಮುಂದಿಟ್ಟಿದ್ದ ಕ್ಯಾನಿಗೆ ಒಂದಿಷ್ಟು ನೀರು ಹಿಡಿದುಕೊಂಡಳು. ಹೊಲದಲ್ಲಿ ನಲ್ಲಿ ಇರಲಿಲ್ಲ. ಬೋರಿನ ಪೈಪಿಗೇ ಹಿಡಿದಳು.

"ಒಂಟೆ ಹಂಗ ನೀರ ತುಂಬ್ಕೊಂತಿಯಲ್ಲ ತಂಗಿ!" ಕನಕರಾಜ ನಕ್ಕ.

"ಚಟ ಐತ್ರಿ."

ಶೈಲಾ ಪ್ರತಿ ಸಲವೂ ಕೇಳಿದಳು. "ಟಾಕಿ?"

"ಬಿಸಲು ನೆತ್ತಿ ಮ್ಯಾಲ ಐತ್ರಿ ಅಕ್ಕಾರ," ಎಂದಳು ನೂರೀನ. "ಅದಕ್ಕ ಸಂಜಿ ಬೆಳಕ ಬೇಕು."

ರೈಲು ನಿಲ್ದಾಣದ ಮೇಲುಸೇತುವೆಯ ಹೊತ್ತಿಗೆ ಸಂಜೆಯಾಯಿತು. ಕೆಳಗೆ ಹುಬ್ಬಳ್ಳಿ ಗಾಡಿ ಹೊರಟಿತ್ತು. ಸೆರಗು ಹಾರಿ ಕನಕರಾಜನ ಮುಖಕ್ಕೆ ಬಡಿಯಿತು. ಸೆರಗಿನ ಆಚೆಯಿಂದ ಶೈಲಾ ಕೇಳಿದಳು.

"ಭಾಳ ಎತ್ತರ ಐತೇನ್ರಿ?"

"ಯಾವುದು?"

"ಟಾಕಿ."

"ಟಾಕಿ ಎತ್ತರ ಇದ್ದs ಇರತಾವ."

"ಬಣ್ಣ ಯಾವುದು?"

"ಟಾಕಿ ಬಣ್ಣ."

ಶೈಲಾ ಸೆರಗನ್ನು ಎಳೆದು ಸೊಂಟಕ್ಕೆ ಸಿಗಿಸಿಕೊಂಡಳು. ಕನಕರಾಜ ಪಡುವಣಕ್ಕೆ ನೋಡಿದ. ಇನ್ನೊಂದು ಜಾಗ ಕಳೆದರೆ ಕತ್ತಲು. ಕತ್ತಲಾದರೆ ಪತ್ರಿಕೆಗೆ ಗುಡಿಯ ಫೋಟೊನೇ ಗತಿ. ಅವನು ನೂರೀನಳಿಗೆ ಕಣ್ಸನ್ನೆ ಮಾಡಿದ.

"ಕಡೀ ಜಾಗ ಒಂದೈತ್ರಿ," ಎಂದಳು. "ಅಲ್ಲಿ ಇನ್ನೂ ಯಾರೂ ಫೋಟೊ ತಗಸ್ಕೊಂಡಿಲ್ಲ."

ಸ್ಕೂಟರ್ ಮುಂದೆ, ಕಾರು ಹಿಂದೆ. ಬೆಟಗೇರಿ ಕಡೆ ತಿರುಗಿದಾಗ ಕನಕರಾಜನಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಆದರೆ ಬೆಟಗೇರಿಯೇನು ಒಂದು ಓಣಿಯೇ? ಬಣ್ಣಗಾರ ಓಣಿಯನ್ನಂತೂ ಅವನು ಕಣ್ಣಿಂದ ಕಂಡವನೇ ಅಲ್ಲ. ಮಗ್ಗದ ಸದ್ದಿನ ಸಂದಿಗಳನ್ನು ದಾಟಿ ಒಂದು ಬಯಲಿಗೆ ಬಂದರು. ಬಯಲಿನ ಉದ್ದಕ್ಕೂ ಕೊಡಗಳ ಸಾಲು. ಕೆಂಪು, ನೀಲಿ, ಹಸಿರು, ಹಳದಿ. ಇಳಿಬಿಸಿಲಿಗೆ ಒಂದೊಂದೂ ಹೊತ್ತಿಸಿಟ್ಟ ದೀಪದಂತಿತ್ತು.

"ವಾರೆವ್ಹಾ!" ಕನಕರಾಜ ಕಾರಿನಿಂದ ಜಿಗಿದ. "ಭಾರಿ ಸೆಟ್ ಹಾಕಿಸೀಯಲ್ಲ! ಇಷ್ಟು ಕೊಡ ಎಲ್ಲಿಂದ ತರಿಸಿದಿ?"

"ತರಸಿಲ್ರಿ. ಇಲ್ಲೇ ಇರತಾವ. ನೀರಿನ ಪಾಳಿಗೆ ಇಟ್ಟಾರ."

ಮನೆಗಳಿಂದ ಹೆಂಗಸರು ಹೊರಬಂದರು. ತನ್ನನ್ನು ನೋಡಲು ಬಂದರೆಂದು ಕನಕರಾಜ ಅಂಗಿಯ ಕಾಲರ್ ಸರಿಮಾಡಿಕೊಂಡ. ಒಬ್ಬ ಮುದುಕಿ ನೆಟ್ಟಗೆ ಸ್ಕೂಟರಿನ ಹತ್ತಿರ ಹೋಗಿ ಕ್ಯಾನು ಇಳಿಸಿಕೊಂಡಳು.

"ಇವತ್ತ ಇಷ್ಟs ಸಿಕ್ತೇನ ನೂರೀ?"

"ಇಷ್ಟs ಅಮ್ಮಾ. ಜ್ವಾಕಿ, ಚೆಲ್ಲೀತು."

ಶೈಲಾ ಕ್ಯಾನು ನೋಡಿದಳು. ಕೊಡಗಳನ್ನು ನೋಡಿದಳು. ಕೊಡಗಳೆಲ್ಲ ಖಾಲಿ ಇದ್ದವು.

ಕ್ಯಾನು ಕಂಕುಳಲ್ಲಿಟ್ಟುಕೊಂಡೇ ಮುದುಕಿ ದಾವಲಬಿ ಕನಕರಾಜನಿಗೆ ಕೈಮಾಡಿದಳು. "ಅಲ್ಲಲ್ಲ ಧಣ್ಯಾರ, ಇನ್ನೊಂದೀಟು ಬಲಕ್ಕ ಸರೀರಿ. ಹಾಂ, ಅಲ್ಲೇ. ನಟ್ಟನಡುವ ನಿಂದ್ರಿ."

ಹೆಂಗಸರು ನಗಲಿಲ್ಲ. ಅವನ ಪಕ್ಕಕ್ಕೆ ಬಂದು ನಿಂತ ಶೈಲಾಳೂ ನಗಲಿಲ್ಲ. ಕನಕರಾಜ ಇಬ್ಬರ ಪಾಲಿನದನ್ನೂ ತಾನೇ ನಕ್ಕ. ನೂರೀನ ಫೋಟೊ ತೆಗೆದಳು. ಹೊತ್ತು ಮುಳುಗಿತು.

"ಛೇ, ಬೆಳಕ ಹೋತಲ್ಲ!" ಕನಕರಾಜ ಮುಖ ಸಣ್ಣದು ಮಾಡಿಕೊಂಡ. "ಟಾಕಿ ಫೋಟೊ ಒಂದು ಉಳದಬಿಡ್ತು ನೋಡು ಶೈಲಾ."

"ಉಳದಿಲ್ರಿ," ನೂರೀನ ಕ್ಯಾಮರಾ ಚೀಲಕ್ಕೆ ಹಾಕುತ್ತ ಹೇಳಿದಳು. "ಈಗ ತಗದದ್ದು ಅದನ್ನ. ಇದು ಬಣ್ಣಗಾರ ಓಣಿರಿ ಅಕ್ಕಾರ. ನೀವು ನಿಂತದ್ದು ಟಾಕಿ ಬುಡಕ."

ಕನಕರಾಜ ಕಾರಿನ ಬಾಗಿಲು ತೆಗೆದ. "ಶೈಲಾ, ಜಲ್ದಿ ಹತ್ತು."

"ಹತ್ತೂದಿಲ್ಲ," ಎಂದಳು ಶೈಲಾ.