ಕಿವಿಗೆ ಅಂಟಿದ ಬೀಜ

ಎದುರು ಕೂತು ಕೇಳುತ್ತಿದ್ದ ಸುಧೀಂದ್ರನ ಕಿವಿಯಲ್ಲಿ ಸಾಸಿವೆಕಾಳಿನಂಥದ್ದೇನೋ ಕಂಡದ್ದೇ ತಡ, ವೆಂಕಟಗಿರಿಯವರ ವಾಚನ ಷಟ್ಪದಿಯ ನಟ್ಟನಡುವೆ ನಿಂತಿತು. ಕಪ್ಪು ಬೀಜ, ಅದರ ಮೇಲೊಂದು ಚೂರು ಪ್ಲಾಸ್ಟರ್. ಪಕ್ಕದ ಆತ್ರೇಯನ ಕಿವಿಯಲ್ಲೂ ಅದೇ. ಗೋಡೆಗೊರಗಿದ್ದ ಸುಚೇತಾಳ ಕಿವಿಯಲ್ಲೂ ಅದೇ. ಮೂವರೂ ಕಣ್ಣು ಮುಚ್ಚಿ ಬೆರಳಿಂದ ಅದನ್ನು ಒತ್ತುತ್ತಿದ್ದರು.

ಎಲ್ಲರೂ ಹೊರಟ ಮೇಲೆ ಹೆಂಡತಿಯನ್ನು ಕೇಳಿದರು. “ಏನೇ ಅದು, ಎಲ್ಲರ ಕಿವಿಯಲ್ಲೂ?”

“ಅದಾ! ಪಕ್ಕದ ಊರು ರಿಚರ್ಡ್‌ಸನ್‌ನಲ್ಲಿ ಚೀನೀ ಔಷಧದ ಅಂಗಡಿ ಇದೆಯಲ್ಲ, ಅಲ್ಲಿ ಅಂಟಿಸ್ತಾರಂತೆ. ನಿದ್ದೆಗೆ ಸಂಬಂಧಪಟ್ಟಿದ್ದು ಅಂತ ಸುಚೇತಾ ಹೇಳ್ತಿದ್ದಳು.” ಕುಮುದಾಗೆ ನಗು ತಡೆಯಲಾಗಲಿಲ್ಲ. “ಇನ್ನೇನು ಮಾಡ್ತಾರೆ ರೀ, ಪಾಪ? ತೂಕಡಿಸಿದರೆ ನಿಮಗೆ ಬೇಜಾರು!”

ಕಡಲಾಚೆಯ ಅಲೆನ್ ಊರಿನ ಆ ಮನೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಗಮಕ. ವೆಂಕಟಗಿರಿಯವರಿಗೆ ಅಜ್ಜ ಬಾಯಿಪಾಠ ಮಾಡಿಸಿ ಕಲಿಸಿದ ವಿದ್ಯೆ. ಎಷ್ಟೋ ವರ್ಷ ಕೇಳಿದವಳು ಕುಮುದಾ ಒಬ್ಬಳೇ, ಅದೂ ಸೊಪ್ಪು ಬಿಡಿಸುತ್ತ. ಎರಡು ಸಾವಿರದ ಎರಡರಲ್ಲಿ ಟೆಲಿಕಾಂ ಕಂಪನಿಗಳು ತರಗೆಲೆಯಂತೆ ಉದುರತೊಡಗಿದವು. ಕೆಲಸ ಕಳೆದುಕೊಂಡವರಿಂದ ಇವರ ಹಾಲ್ ತುಂಬತೊಡಗಿತು. ಎಲ್ಲರೂ ಕಣ್ಣು ಮುಚ್ಚಿ ಕೇಳುವುದನ್ನು ಕಂಡು, ಕಷ್ಟ ಬಂದಾಗ ಜನ ಕಾವ್ಯದ ಕಡೆ ತಿರುಗುತ್ತಾರೆ ಎಂದು ಅವರು ಬೀಗಿದ್ದೇ ಬೀಗಿದ್ದು. ಈಗ ನೋಡಿದರೆ, ಬರಿಯ ದಾಕ್ಷಿಣ್ಯ! ತೂಕಡಿಕೆ ತಡೆಯಲು ಔಷಧ ಅಂಟಿಸಿಕೊಂಡು ಬರುವ ದಾಕ್ಷಿಣ್ಯ!

ಮುಂದಿನ ಶನಿವಾರ ಪರೀಕ್ಷೆ ಮಾಡಿಯೇಬಿಟ್ಟರು. ಯುದ್ಧಪ್ರಸಂಗವನ್ನೇ ಎತ್ತಿಕೊಂಡರು. ಆನೆಗಳು ಘೀಳಿಟ್ಟವು, ಗದೆಗಳು ಖಣಖಣಿಸಿದವು, ಷೋಕೇಸಿನ ಲೋಟಗಳು ನಡುಗಿದವು. ಸುಧೀಂದ್ರ ಬೆಚ್ಚಿಬಿದ್ದು ಕೈಮುಗಿದ.

“ಸರ, ಯುದ್ಧ ಬ್ಯಾಡ್ರಿ. ಆ ಸರೋವರದ ವರ್ಣನೆ ಇತ್ತಲ್ರಿ, ಅದನ್ನ ಓದ್ರಿ. ಸಾವಕಾಶ.”

“ಅದನ್ನ ಎಷ್ಟು ವಾರ ಓದೋದಪ್ಪ? ಮುಗಿದೇ ಹೋಯಿತಲ್ಲ!”

“ಮುಗೀತೇನ್ರಿ? ಕೊನಿ ಯಾರೂ ಕೇಳಿಲ್ರಿ.”

ಕುಮುದಾ ಫಿಲ್ಟರ್ ಕಾಫಿ ತಂದಳು. ಒಬ್ಬರೂ ಮುಟ್ಟಲಿಲ್ಲ. ವೆಂಕಟಗಿರಿ ಪುಸ್ತಕ ಮುಚ್ಚಿ ವಸ್ತ್ರ ಸುತ್ತಿದರು. ಇನ್ನು ಈ ಮನೆಯಲ್ಲಿ ಗಮಕವಿಲ್ಲ. ಅಜ್ಜನ ವಿದ್ಯೆ ತಮ್ಮೊಂದಿಗೇ ಮಣ್ಣಾಗಲಿ. ಆದರೆ ಬಾಯಿಗೆ ಬೀಗ ಹಾಕುವ ಮುನ್ನ ಆ ಬೀಜದ ಸಂಗತಿ ಖಚಿತವಾಗಬೇಕಿತ್ತು. ನೇರ ರಿಚರ್ಡ್‌ಸನ್‌ಗೆ ಡ್ರೈವ್ ಮಾಡಿದರು.

ಅಂಗಡಿಯೊಳಗೆ ಬೇರು, ತೊಗಟೆಗಳ ಘಾಟು. ಥೇಟ್ ಮೈಸೂರಿನ ಗ್ರಂಥಿಗೆ ಅಂಗಡಿ. ಗೋಡೆಯ ಮೇಲೆ ಆಳೆತ್ತರದ ಕಿವಿಯ ಚಿತ್ರ, ಮೈತುಂಬ ಚುಕ್ಕೆ. ಲಿಯಾಂಗ್ ಎಂಬ ಹಿರಿಯ ವೈದ್ಯೆ ಅಂಗೈಯಲ್ಲಿ ಬೀಜ ಹರಡಿ ಇಂಗ್ಲಿಷಿನಲ್ಲಿ ವಿವರಿಸಿದರು.

“ಬಾಣಂತಿಗೆ ಹಾಲು ಇಳಿಯದಿದ್ದರೆ ಇದನ್ನು ಹುರಿದು ಕಷಾಯ ಮಾಡಿ ಕೊಡುತ್ತೇವೆ. ಬಾಣಲೆಯಲ್ಲಿ ಅರಳಿನಂತೆ ಬೆಳ್ಳಗೆ ಬಿರಿಯುತ್ತದೆ. ಕಿವಿಗಾದರೆ ಜಾಗ ಮುಖ್ಯ. ಇಲ್ಲಿ ಅಂಟಿಸಿದರೆ ತಲೆನೋವಿಗೆ, ಇಲ್ಲಿ ಹಸಿವಿಗೆ.”

ಸುಧೀಂದ್ರನ ಕಿವಿಯಲ್ಲಿ ಬೀಜವಿದ್ದ ಜಾಗಕ್ಕೇ ವೆಂಕಟಗಿರಿ ಚಿತ್ರದ ಮೇಲೆ ಬೆರಳಿಟ್ಟರು. “ಇಲ್ಲಿ? ನಿದ್ದೆ ಓಡಿಸೋಕಾ?”

“ಓಡಿಸೋಕಾ?” ಆಕೆ ಗೊಳ್ಳೆಂದು ನಕ್ಕರು. “ಬರಿಸೋಕೆ! ಕೆಲಸ ಹೋದ ಚಿಂತೆಗೆ ನಿಮ್ಮ ಕಡೆಯ ಮಕ್ಕಳು ರಾತ್ರಿಯೆಲ್ಲ ಕಣ್ಣು ಮುಚ್ಚುತ್ತಿಲ್ಲ. ನನ್ನ ಬೀಜ ಸೋತಿತು, ಕಷಾಯ ಸೋತಿತು. ಈಗ ವಾರಕ್ಕೊಮ್ಮೆ ಹಸುಗೂಸಿನಂತೆ ಮಲಗುತ್ತಾರಂತೆ. ಅಲೆನ್‌ನಲ್ಲಿ ಯಾರೋ ಹಾಡುತ್ತಾರಂತಲ್ಲ, ಅವರ ಮನೆಯಲ್ಲಿ!” ಆಮೇಲೆ ಗಲ್ಲಾಪೆಟ್ಟಿಗೆಯ ಮೇಲಿಂದ ಬಾಗಿ ದನಿ ತಗ್ಗಿಸಿದರು. “ಆ ಮನೆ ನಿಮಗೆ ಗೊತ್ತಾ? ನನಗೇ ನಿದ್ದೆಯಿಲ್ಲದೆ ತಿಂಗಳಾಯಿತು.”

“ಶನಿವಾರ ಊಟ ಮುಗಿಸಿಕೊಂಡು ಬಂದುಬಿಡಿ,” ಎಂದರು ವೆಂಕಟಗಿರಿ, ಎದೆಯುಬ್ಬಿಸಿ. “ದಿಂಬು ಮಾತ್ರ ನೀವೇ ತರಬೇಕು.”